ಗೈಡಿನಲ್ಲಿ ಇಲ್ಲದ ಪ್ರೀತಿ

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ವಿಲ್ಫ್ರೆಡ್ ಓವೆನ್ ಎಂಬ ಹೆಸರು ಹೊಸದೇನಲ್ಲ. ಮೊದಲನೆಯ ಮಹಾಯುದ್ಧದ ಕವಿ. 1893ರಲ್ಲಿ ಹುಟ್ಟಿದ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲುವುದಕ್ಕೆ ಸರಿಯಾಗಿ ಒಂದು ವಾರ ಮೊದಲು, ಫ್ರಾನ್ಸಿನ ಒಂದು ಕಾಲುವೆ ದಾಟುವ ಕಾಳಗದಲ್ಲಿ ಸತ್ತ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಎರಡು ಅಂಕ ಎಲ್ಲಿಗೂ ಹೋಗುವುದಿಲ್ಲ. ಜೊತೆಗೆ "ಓವೆನ್‌ನ ಮೇಲೆ ಸೀಗ್‌ಫ್ರೀಡ್ ಸಸೂನ್‌ನ ಪ್ರಭಾವ ಗಾಢವಾಗಿ ಆಯಿತು" ಎಂದು ಒಂದು ಸಾಲು ಸೇರಿಸಿದರೆ ಮೂರನೆಯ ಅಂಕವೂ ಸಿಕ್ಕೀತು. ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಆ ಸಾಲಿಗೆ ಎಷ್ಟು ಸಲ ಟಿಕ್ ಹಾಕಿದ್ದೇನೋ ಲೆಕ್ಕವಿಲ್ಲ.

ಪ್ರಭಾವ! ಎಂಥ ಸಭ್ಯವಾದ, ಇಸ್ತ್ರಿ ಹಾಕಿದ ಶಬ್ದ. ಅದರ ಹಿಂದೆ ಇದ್ದದ್ದು ಪ್ರೀತಿ. ಯುದ್ಧದಲ್ಲಿ ಒಡೆದುಹೋದ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಜೋಡಿಸಿಕೊಂಡ, ಮೈಯಿಂದ ಏನನ್ನೂ ಬೇಡದ ಪ್ರೀತಿ.

ಒಮ್ಮೆ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ್ದ: "ಸರ, ಪ್ರಭಾವ ಅಂದ್ರ ಏನ್ರಿ? ದೋಸ್ತೀನೋ, ಲವ್ವೋ?" ಇಡೀ ಕ್ಲಾಸು ನಕ್ಕಿತು. ಅವನು ಕೇಳಿದ್ದೂ ತಮಾಷೆಗೇ. ಆದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಕಂಡಿಲ್ಲ. ಗಂಟೆ ಹೊಡೆಯುವವರೆಗೂ ಅದಕ್ಕೇ ಉತ್ತರ ಹೇಳಿದೆ. ಇಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಅಂಚಿನಲ್ಲಿ ಕ್ರೇಗ್‌ಲಾಕ್‌ಹಾರ್ಟ್ ಎಂಬ ದೊಡ್ಡ ಕಟ್ಟಡವಿದೆ. ಈಗ ಅದು ಒಂದು ವಿಶ್ವವಿದ್ಯಾಲಯಕ್ಕೆ ಸೇರಿದೆ. ಮೊದಲು ಅದು ಶ್ರೀಮಂತರು ಬಂದು ಇರುತ್ತಿದ್ದ ಜಲಚಿಕಿತ್ಸೆಯ ಧಾಮ. 1916ರಲ್ಲಿ ಸೈನ್ಯ ಅದನ್ನು ವಹಿಸಿಕೊಂಡು ಆಸ್ಪತ್ರೆ ಮಾಡಿತು. ಅಲ್ಲಿಗೆ ಬರುತ್ತಿದ್ದ ಅಧಿಕಾರಿಗಳಲ್ಲಿ ಅನೇಕರ ಮೈಮೇಲೆ ಗಾಯ ಇರಲಿಲ್ಲ. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಬಾಗಿಲು ಬಡಿದರೆ ಎದೆ ಹಾರುತ್ತಿತ್ತು, ಕಣ್ಣು ಮುಚ್ಚಿದರೆ ಸತ್ತವರು ಬರುತ್ತಿದ್ದರು. ಆ ಕಾಲದ ಜನ ಇದಕ್ಕೆ ಶೆಲ್ ಶಾಕ್ ಎಂದರು. ಕೆಲವರು ಹೇಡಿತನ ಎಂದರು. ಇಂಥ ನೋವಿಗೆ ಪಿ.ಟಿ.ಎಸ್.ಡಿ. ಎಂಬ ಹೆಸರು ವೈದ್ಯರ ಪುಸ್ತಕ ಸೇರಿದ್ದು 1980ರಲ್ಲಿ. ಹಗಲು ಆಸ್ಪತ್ರೆಯಲ್ಲಿ ಗಾಲ್ಫ್, ಟೆನಿಸ್, ಹರಟೆ ಎಲ್ಲ ಇತ್ತು. ರಾತ್ರಿಯಾದರೆ ಒಬ್ಬೊಬ್ಬನೂ ತನ್ನ ತನ್ನ ಕನಸಿನ ಕೈಗೆ ಸಿಕ್ಕಿಬೀಳುತ್ತಿದ್ದ ಎಂದು ಸಸೂನ್ ಮುಂದೆ ಬರೆದಿದ್ದಾನೆ.

ಓವೆನ್ ಅಲ್ಲಿಗೆ ಬಂದದ್ದು 1917ರ ಜೂನ್ ಕೊನೆಯಲ್ಲಿ. ರೈಲ್ವೆ ನೌಕರನ ಮಗ. ತಂದೆ ಯೌವನದಲ್ಲಿ ಕೆಲವು ವರ್ಷ ನಮ್ಮ ಮುಂಬಯಿಯಲ್ಲಿ ರೈಲ್ವೆ ಕೆಲಸ ಮಾಡಿದ್ದ. ಆ ನೆನಪಿಗೆ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿದ್ದ ಮನೆಗೆ 'ಮಾಹಿಮ್' ಎಂದು ಹೆಸರಿಟ್ಟಿದ್ದ! ಓವೆನ್‌ಗೆ ಆಗ ಇಪ್ಪತ್ತನಾಲ್ಕು ವರ್ಷ. ಏಪ್ರಿಲ್‌ನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಹತ್ತಿರವೇ ಶೆಲ್ ಸಿಡಿದು ಅವನನ್ನು ಎತ್ತಿ ಒಗೆದಿತ್ತು. ಜೊತೆಯ ಅಧಿಕಾರಿಯೊಬ್ಬನ ಛಿದ್ರವಾದ ದೇಹದ ಸಮೀಪದಲ್ಲೇ, ರೈಲುದಾರಿಯ ಏರಿಯ ಕೆಳಗೆ ಒಂದು ಗುಂಡಿಯಲ್ಲಿ ಅವನು ದಿನಗಟ್ಟಲೆ ಮುದುಡಿಕೊಂಡು ಬಿದ್ದಿದ್ದ. ಕೆಲವೇ ದಿನಗಳಲ್ಲಿ ಮೇಲಧಿಕಾರಿಗೆ ಅವನ ನಡುಕ ಕಣ್ಣಿಗೆ ಬಿತ್ತು.

ಸಸೂನ್ ಬಂದದ್ದು ಸುಮಾರು ಒಂದು ತಿಂಗಳ ನಂತರ. ಅವನ ಕಥೆಯೇ ಬೇರೆ. ಮೂವತ್ತು ದಾಟಿದ ಸಿರಿವಂತ, ಕುದುರೆ ಸವಾರ, ಶೌರ್ಯಕ್ಕೆ ಮಿಲಿಟರಿ ಕ್ರಾಸ್ ಪಡೆದವ. ಆ ಮನೆತನವನ್ನು ನಮ್ಮ ಕಡೆಯವರೂ ಬಲ್ಲರು. ಪುಣೆಯ ಸಸೂನ್ ಆಸ್ಪತ್ರೆಗೆ ಹೋಗಿ ಬಂದವರು ಬೆಳಗಾವಿ, ವಿಜಯಪುರದ ಕಡೆ ಬೇಕಾದಷ್ಟು ಜನ ಇದ್ದಾರೆ. ಆ ಆಸ್ಪತ್ರೆಗೆ ಹೆಸರು ಕೊಟ್ಟ ಬಾಗ್ದಾದಿನ ಯಹೂದಿ ವರ್ತಕ ಡೇವಿಡ್ ಸಸೂನ್ ಈ ಕವಿಯ ಮುತ್ತಾತ. ಇರಲಿ. 1915ರಲ್ಲಿ ತಮ್ಮ ಸತ್ತ, 1916ರಲ್ಲಿ ಪ್ರಾಣಕ್ಕಿಂತ ಹೆಚ್ಚಿನ ಗೆಳೆಯ ಸತ್ತ, 1917ರಲ್ಲಿ ತನ್ನದೇ ಭುಜಕ್ಕೆ ಗುಂಡು ಬಿತ್ತು. ಲಂಡನ್ನಿನ ಫುಟ್‌ಪಾತಿನಲ್ಲಿ ನಡೆಯುವಾಗ ಅವನಿಗೆ ಹೆಣಗಳು ಬಿದ್ದಂತೆ ಕಾಣುತ್ತಿತ್ತು. ಆ ಜುಲೈನಲ್ಲಿ, ಈ ಯುದ್ಧವನ್ನು ಬೇಕೆಂದೇ ಎಳೆಯಲಾಗುತ್ತಿದೆ, ನಾನು ಇನ್ನು ಹೋರಾಡುವುದಿಲ್ಲ ಎಂದು ಬಹಿರಂಗ ಹೇಳಿಕೆ ಬರೆದ. ಅದನ್ನು ಪಾರ್ಲಿಮೆಂಟಿನಲ್ಲೂ ಓದಿದರು. ಕೋರ್ಟ್ ಮಾರ್ಷಲ್ ಆಗಬೇಕಿತ್ತು. ಕವಿ ರಾಬರ್ಟ್ ಗ್ರೇವ್ಸ್ ಓಡಾಡಿ, ಇವನಿಗೆ ಚಿತ್ತಸ್ವಾಸ್ಥ್ಯ ಇಲ್ಲ ಎಂದು ವೈದ್ಯರ ಮಂಡಳಿಯ ಮುಂದೆ ಹೇಳಿ ಉಳಿಸಿದ. ಜೈಲಿಗೆ ಹೋಗಬೇಕಾದವನು ಆಸ್ಪತ್ರೆಗೆ ಬಂದ.

ಇಬ್ಬರಿಗೂ ಒಳ್ಳೆಯ ವೈದ್ಯರು ಸಿಕ್ಕಿದರು, ಅದು ಪುಣ್ಯ. ಅದೇ ಯುದ್ಧದಲ್ಲಿ ಮಾತು ನಿಂತುಹೋದ ಸಾಮಾನ್ಯ ಸಿಪಾಯಿಗಳಿಗೆ ಲಂಡನ್ನಿನಲ್ಲಿ ಗಂಟಲಿಗೆ ವಿದ್ಯುತ್ ಕೊಟ್ಟು ಮಾತಾಡಿಸುತ್ತಿದ್ದರು. ಓವೆನ್‌ನ ವೈದ್ಯ ಆರ್ಥರ್ ಬ್ರಾಕ್ ನಂಬಿದ್ದು ಕೆಲಸವನ್ನು. ರೋಗಿ ತನ್ನ ಸುತ್ತಲಿನ ಬದುಕಿಗೆ ಮತ್ತೆ ಕೈ ತಾಗಿಸಬೇಕು ಎಂದು ಓವೆನ್‌ಗೆ ಆಸ್ಪತ್ರೆಯ ಪತ್ರಿಕೆಯ ಸಂಪಾದಕನ ಕೆಲಸ ಹಚ್ಚಿದ, ಊರಿನ ಶಾಲೆಯಲ್ಲಿ ಪಾಠ ಹೇಳಲು ಕಳಿಸಿದ. ಸಸೂನ್‌ನ ವೈದ್ಯ ಡಬ್ಲ್ಯೂ.ಎಚ್.ಆರ್. ರಿವರ್ಸ್. ಊಟಿಗೆ ಪ್ರವಾಸ ಹೋದಾಗ ನೀವು ತೋಡರ ಕಮಾನಿನಂಥ ಗುಡಿಸಲು ನೋಡಿರಬಹುದು. ಆ ತೋಡರ ನಡುವೆ ಕೂತು ಅಧ್ಯಯನ ಮಾಡಿ 1906ರಲ್ಲಿ ದೊಡ್ಡ ಗ್ರಂಥ ಬರೆದವರು ಇದೇ ರಿವರ್ಸ್. ಅವರ ಮಾತು ಸರಳ: ಕೆಟ್ಟ ನೆನಪನ್ನು ಒತ್ತಿ ಹಿಡಿಯಬೇಡ, ಹೊರಗೆ ತೆಗೆದು ನೋಡು, ಯಾರ ಜೊತೆಗಾದರೂ ಮಾತಾಡು. "ಮರೆತುಬಿಡೋ, ಗಂಡಸಾಗಿ ಅಳ್ತೀಯಾ" ಎನ್ನುವ ನಾವು ಇಂದಿಗೂ ಕಲಿಯದ ಪಾಠ ಇದು.

ಯಾರ ಜೊತೆಗಾದರೂ ಅಂದೆ. ಆ ಯಾರಾದರೂ ಓವೆನ್‌ಗೆ ಸಿಕ್ಕಿದ್ದು ಆಗಸ್ಟ್ ತಿಂಗಳ ಮಧ್ಯದಲ್ಲಿ. ಸಸೂನ್‌ನ ಹೊಸ ಕವನಸಂಗ್ರಹದ ಹಲವು ಪ್ರತಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಸಹಿ ಹಾಕಿಸಿಕೊಳ್ಳುವ ನೆಪದಲ್ಲಿ, ಅಂಜುತ್ತಂಜುತ್ತ ಬಾಗಿಲು ತಟ್ಟಿದ. ಒಳಗೆ ಸಸೂನ್ ಗಾಲ್ಫ್ ಕೋಲುಗಳನ್ನು ಒರೆಸುತ್ತಾ ಕೂತಿದ್ದ. ಕವಿ ಎಂದರೆ ದೇವರು ಎಂದುಕೊಂಡಿದ್ದ ಹುಡುಗ, ಆ ಹುಡುಗನಲ್ಲಿ ಸ್ವಲ್ಪ ಹಳ್ಳಿಗಾಡಿನ ಛಾಯೆ ಕಂಡ ದೊಡ್ಡಮನೆಯವ. ಮೊದಲ ದಿನ ಸಸೂನ್‌ಗೆ ವಿಶೇಷ ಏನೂ ಅನಿಸಲಿಲ್ಲ. ಅದನ್ನು ಅವನೇ ಮುಂದೆ ಬರೆದಿದ್ದಾನೆ. ಆದರೆ ಓವೆನ್ ಮತ್ತೆ ಬಂದ. ಮರುವಾರವೂ ಬಂದ. ಬರುತ್ತಾ ಬರುತ್ತಾ ತನ್ನ ಪದ್ಯಗಳನ್ನೂ ತಂದ.

ಅವರ ಮಾತುಕತೆ ಬಹುಮಟ್ಟಿಗೆ ಪದ್ಯದ ಮಾತೇ. ಈ ಶಬ್ದ ತೆಗಿ, ಈ ಸಾಲು ಬೇಡ, ನೀನು ಕಂಡದ್ದನ್ನೇ ಬರಿ. ಆದರೆ ಕಂಡದ್ದು ಯಾವುದು? ಆ ಗುಂಡಿ, ಆ ಏರಿ, ಆ ಛಿದ್ರವಾದ ಗೆಳೆಯ. ಬೇರೆಯವರಿಗೆ ವಿವರಿಸಿ ಹೇಳಬೇಕಾಗಿದ್ದನ್ನು ಇಲ್ಲಿ ವಿವರಿಸಬೇಕಾಗಿರಲಿಲ್ಲ, ಕೇಳುವವನೂ ಅಲ್ಲಿಂದಲೇ ಬಂದವನು. ಆ ಶರತ್ಕಾಲದಲ್ಲಿ ಓವೆನ್ ಬರೆದ 'ಆಂಥಮ್ ಫಾರ್ ಡೂಮ್ಡ್ ಯೂತ್' ಪದ್ಯದ ಹಸ್ತಪ್ರತಿ ಉಳಿದಿದೆ. ಅದರ ಮೇಲೆ ಎರಡು ಕೈಬರಹ. ಶೀರ್ಷಿಕೆಯಲ್ಲಿ ಓವೆನ್ 'ಸತ್ತ ಯುವಕರು' ಎಂಬರ್ಥದ ಶಬ್ದ ಬರೆದಿದ್ದ. ಸಸೂನ್ ಅದನ್ನು ಹೊಡೆದು 'ಸಾವಿಗೇ ಬರೆದಿಟ್ಟ ಯುವಕರು' ಎಂದಾಗುವಂತೆ ತಿದ್ದಿದ. ಒಂದೇ ಕಾಗದದ ಮೇಲೆ ಇಬ್ಬರ ಅಕ್ಷರ. ಪ್ರೇಮಪತ್ರವೆಂದರೆ ನನ್ನ ಮಟ್ಟಿಗೆ ಇದೇ. ಅದರಲ್ಲಿ ಪ್ರೇಮದ ಮಾತು ಒಂದೂ ಇಲ್ಲ.

ನವೆಂಬರ್ 3ರ ರಾತ್ರಿ ಓವೆನ್‌ಗೆ ಬೀಳ್ಕೊಡುಗೆ. ಎಡಿನ್‌ಬರೋದ ಒಂದು ಕ್ಲಬ್ಬಿನಲ್ಲಿ ಇಬ್ಬರೇ ಊಟ ಮಾಡಿದರು. ಯಾರೋ ಬರೆದ ಅತಿ ಕೆಟ್ಟ ಕವಿತೆಗಳ ಪುಸ್ತಕವೊಂದನ್ನು ಸಸೂನ್ ಗಟ್ಟಿಯಾಗಿ ಓದುವುದು, ಓವೆನ್ ಹೊಟ್ಟೆ ಹಿಡಿದು ನಗುವುದು. ಹೊರಡುವಾಗ ಸಸೂನ್ ಒಂದು ಮುಚ್ಚಿದ ಲಕೋಟೆ ಕೈಗಿತ್ತ. ಒಬ್ಬನೇ ಇದ್ದಾಗ ಓವೆನ್ ಒಡೆದು ನೋಡಿದರೆ ಹತ್ತು ಪೌಂಡು ನೋಟು, ಲಂಡನ್ನಿನಲ್ಲಿ ಕಾಣಬೇಕಾದ ಒಬ್ಬ ಹಿರಿಯ ಮಿತ್ರನ ವಿಳಾಸ. ಅಷ್ಟೇ. ಎರಡು ದಿನದ ಮೇಲೆ 'ಮಾಹಿಮ್' ಮನೆಯಿಂದ ಓವೆನ್ ಬರೆದ ಪತ್ರ ಇಂಗ್ಲಿಷಿನ ಬಹು ದೊಡ್ಡ ಪತ್ರಗಳಲ್ಲಿ ಒಂದು. ನೀನು ನನಗೆ ಕ್ರಿಸ್ತ, ಕೀಟ್ಸ್, ನನ್ನ ಕರ್ನಲ್, ನನ್ನ ಗುರು ಎಂದು ಪಟ್ಟಿ ಹಾಕುತ್ತಾನೆ. ದಿಕ್ಕಿಲ್ಲದೆ ಅಲೆಯುವ ಧೂಮಕೇತುವಾಗಿದ್ದ ತನ್ನನ್ನು ಸಸೂನ್ ಒಂದು ಕಕ್ಷೆಯಲ್ಲಿ ನಿಲ್ಲಿಸಿದ ಎನ್ನುತ್ತಾನೆ. ಪ್ರೀತಿಸುತ್ತೇನೆ ಎಂದು ನೇರವಾಗಿಯೇ ಬರೆಯುತ್ತಾನೆ. ಆ ಪ್ರೀತಿ ತಡೆದುಕೊಳ್ಳಬಹುದಾದಂಥ ಶಾಂತ ಪ್ರೀತಿ ಎಂದೂ ಸೇರಿಸುತ್ತಾನೆ.

ಮಕ್ಕಳು ಓದುವ ಪುಟದಲ್ಲಿ ಇದನ್ನೆಲ್ಲ ಬರೆಯಬೇಕೆ ಎಂದು ಕೆಲವು ತಂದೆತಾಯಿಗಳು ಹುಬ್ಬು ಗಂಟಿಕ್ಕಬಹುದು. ಬರೆಯಬೇಕು. ಇಬ್ಬರ ಮನಸ್ಸೂ ಒಲಿಯುತ್ತಿದ್ದದ್ದು ಗಂಡಸರ ಕಡೆಗೇ. ಆ ಕಾಲದ ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ದೇಹಸಂಬಂಧ ಅಪರಾಧ. 1895ರಲ್ಲಿ ಆಸ್ಕರ್ ವೈಲ್ಡ್ ಜೈಲಿಗೆ ಹೋದದ್ದು ಅದಕ್ಕೇ. ಲಕೋಟೆಯಲ್ಲಿದ್ದ ವಿಳಾಸ ವೈಲ್ಡ್‌ನನ್ನು ಕೊನೆಯವರೆಗೂ ಕೈಬಿಡದ ಗೆಳೆಯ ರಾಬರ್ಟ್ ರಾಸ್‌ದು. ಆದರೆ ಸಸೂನ್ ಮತ್ತು ಓವೆನ್ ನಡುವೆ ಇದ್ದದ್ದು ಮಾತು, ಪದ್ಯ, ನಗು, ಕಾಳಜಿ. ಹೆದರಿಕೊಂಡು ಅಲ್ಲಿಗೇ ನಿಂತರು ಎಂದು ವಾದಿಸುವವರು ಇದ್ದಾರೆ. ಪತ್ರಗಳನ್ನು ಮತ್ತೆ ಮತ್ತೆ ಓದಿದ ನನಗೆ ಹಾಗೆ ಅನಿಸುವುದಿಲ್ಲ. ಅರ್ಧಕ್ಕೆ ನಿಂತದ್ದರಲ್ಲಿ ಒಂದು ಕೊರಗು ಇರುತ್ತದೆ. ಇಲ್ಲಿ ಇರುವುದು ತುಂಬಿದ ಕೊಡ.

ಇಂಥ ಪ್ರೀತಿಗೆ ಕನ್ನಡದಲ್ಲಿ ಹೆಸರಿಲ್ಲ. ಸ್ನೇಹ ಎಂದರೆ ಕಡಿಮೆ, ಪ್ರೇಮ ಎಂದರೆ ಜನ ಹಾಸಿಗೆಯನ್ನೇ ನೆನೆಯುತ್ತಾರೆ. ಈಚೆಗೆ ಇಂಗ್ಲಿಷಿನಲ್ಲಿ 'ಎಸೆಕ್ಷುಯಲ್' ಎಂಬ ಮಾತು ಬಳಕೆಗೆ ಬಂದಿದೆ. ದೇಹದ ಆಸೆ ಇಲ್ಲದವರು ಎಂದು ಅರ್ಥ. ಆಸೆ ಹತ್ತಿಕ್ಕಿದವರು ಎಂದಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಒಬ್ಬರ ಮೇಲೆ ಮನಸ್ಸಾಗುತ್ತದೆ, ಅವರ ದಾರಿ ಕಾಯುತ್ತಾರೆ, ಜೊತೆಗೆ ಬಾಳಬೇಕು ಎನ್ನುತ್ತಾರೆ. ಇದು ಕಾಯಿಲೆಯಲ್ಲ, ಸಂನ್ಯಾಸವೂ ಅಲ್ಲ. ಸತ್ತು ನೂರು ವರ್ಷ ದಾಟಿದ ಕವಿಗಳ ಹಣೆಗೆ ಈ ಚೀಟಿ ಅಂಟಿಸುವುದು ನನಗೆ ಇಷ್ಟವಿಲ್ಲ. ಬದುಕಿರುವ ಹುಡುಗರ ವಿಷಯಕ್ಕೆ ಮಾತ್ರ ಇದು ತಿಳಿದಿರಬೇಕು.

ಯಾಕೆ ಎಂದರೆ, ನಾನು ಕೆಲಸ ಮಾಡಿದ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಎರಡು ವರ್ಷ ಸಹಾಯಕ ವಾರ್ಡನ್ ಆಗಿದ್ದೆ. ಊರಿನ ಹೆಸರು ಬೇಡ. ಅಲ್ಲಿ ಒಬ್ಬ ಹುಡುಗನಿದ್ದ. ಬಸ್ಸು ಉರುಳಿ, ಪಕ್ಕದ ಸೀಟಿನಲ್ಲಿ ಕೂತಿದ್ದ ಅಣ್ಣ ಅವನ ಕಣ್ಣೆದುರೇ ಸತ್ತಿದ್ದ. ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಕೂತೇ ಬೆಳಗು ಮಾಡುತ್ತಿದ್ದ. ಮೂರು ಜನ ರೂಮ್‌ಮೇಟುಗಳು ಬೇಸತ್ತು ಬೇರೆ ರೂಮು ಕೇಳಿದರು. ನಾಲ್ಕನೆಯವನಾಗಿ ಬಂದವನು ಇನ್ನೊಂದು ತರಹದ ಹುಡುಗ. ಕುಡಿದು ಬರುವ ತಂದೆಯಿಂದ ಬೆಲ್ಟಿನ ಏಟು ತಿಂದು ಬೆಳೆದವನು, ಯಾರಾದರೂ ಕೈ ಎತ್ತಿದರೆ ತಲೆ ಬಗ್ಗಿಸುತ್ತಿದ್ದ. ಇವನು ದೀಪದ ಬಗ್ಗೆ ದೂರು ಕೊಡಲಿಲ್ಲ. ಆ ಬೆಳಕಿನಲ್ಲೇ ಅರ್ಥಶಾಸ್ತ್ರದ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದ. ಬೇಡಿಕೆ, ಪೂರೈಕೆ, ಸೀಮಾಂತ ತುಷ್ಟಿಗುಣ! ಅರ್ಥಶಾಸ್ತ್ರ ಕೇಳಿ ಯಾರಿಗೆ ನಿದ್ದೆ ಬಾರದು ಹೇಳಿ. ಹದಿನೈದು ದಿನದಲ್ಲಿ ಮೊದಲನೆಯವನು ಕಣ್ಣು ಮುಚ್ಚತೊಡಗಿದ. ಆರು ತಿಂಗಳಲ್ಲಿ ಎರಡನೆಯವನು ತಲೆ ಎತ್ತಿ ಮಾತಾಡತೊಡಗಿದ. ಊಟಕ್ಕೆ, ಗುಡಿಗೆ, ಲೈಬ್ರರಿಗೆ ಇಬ್ಬರೂ ಜೋಡಿ.

ಬಾಯಿಗಳು ಸುಮ್ಮನಿರುತ್ತವೆಯೇ? ಗೋಡೆಯ ಮೇಲೆ ಇದ್ದಿಲಿನಲ್ಲಿ ಇಬ್ಬರ ಹೆಸರು ಬಂತು. ಮುಖ್ಯ ವಾರ್ಡನ್ ಇಬ್ಬರನ್ನೂ ಬೇರೆ ಬೇರೆ ಬ್ಲಾಕಿಗೆ ಹಾಕಲು ನಿಶ್ಚಯಿಸಿ ಮೊದಲನೆಯವನ ತಂದೆಗೆ ಕಾಗದ ಹಾಕಿದರು. ಆ ಮನುಷ್ಯ ಹತ್ತಿ ಬೆಳೆಯುವ ರೈತ, ಮರುದಿನದ ಬಸ್ಸಿಗೇ ಬಂದರು. ವಾರ್ಡನ್ ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ಕೈಯಲ್ಲಿ ಟೋಪಿ ಹಿಡಿದುಕೊಂಡು ಕೇಳಿದರು. ಆಮೇಲೆ ಒಂದೇ ಪ್ರಶ್ನೆ:

"ಈಗ ರಾತ್ರಿ ನಿದ್ದಿ ಮಾಡ್ತಾನೇನ್ರಿ?"

"ಮಾಡ್ತಾನೆ" ಎಂದೆ ನಾನು.

"ಹಂಗಾರ ಇರ್ಲಿ ಬಿಡ್ರಿ ಸರ. ವರ್ಷಗಟ್ಲೆ ನಾವೂ ಅವ್ವನೂ ಕೂಡಿ ಮಾಡಾಕ ಆಗಲಿಲ್ಲ ಅದು."

ವಾರ್ಡನ್ ಆ ಕಾಗದವನ್ನು ಫೈಲಿಗೆ ಸೇರಿಸಿದರು. ಹುಡುಗರು ಅದೇ ರೂಮಿನಲ್ಲಿ ಉಳಿದರು.

ಈಗ ಅವರಿಗೆ ತಲೆ ನರೆತಿದೆ. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಇದ್ದಾರೆ, ಇಬ್ಬರಿಗೂ ಮದುವೆಯಾಗಿಲ್ಲ. ನಾನು ಕೇಳಿದವನಲ್ಲ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟ ವಾರ ಅವರ ಮನೆಗೆ ಹೋಗಿದ್ದಾಗ, ಟಿ.ವಿ. ನೋಡುತ್ತಾ ಅವರಲ್ಲೊಬ್ಬ ತಾನಾಗಿಯೇ ಹೇಳಿದ: "ಸರ, ಮಂದಿಗೆ ಛಲೋ ಆತು. ನಮ್ಮಿಬ್ಬರ ನಡುವ ಅಂಥಾದ್ದು ಏನೂ ಇಲ್ರಿ. ಬೇಕಂತ ಇಬ್ಬರಿಗೂ ಅನಿಸಿಲ್ಲ. ಆದ್ರ ಇಂವ ಊರಿಗೆ ಹೋದ ದಿನ ಮನಿ ಮನಿ ಅನಸೂದಿಲ್ಲ ನೋಡ್ರಿ." ಇನ್ನೊಬ್ಬ ಒಳಗೆ ಚಹಾ ಸೋಸುತ್ತಿದ್ದ. "ಸಕ್ಕರಿ ಎಷ್ಟು ಹಾಕ್ಲಿ ಸರಗ?" ಎಂದು ಅಲ್ಲಿಂದಲೇ ಕೂಗಿದ.

ಇವರನ್ನು ನೆನೆದಾಗಲೆಲ್ಲ ಆ ಕವಿಗಳಿಗೆ ಸಿಗದೆ ಹೋದ ಆಯುಷ್ಯ ನೆನಪಾಗುತ್ತದೆ. ಇಬ್ಬರೂ ಸುಧಾರಿಸಿಕೊಂಡರು, ನಿಜ. ಆದರೆ ಸೈನ್ಯದ ಆಸ್ಪತ್ರೆಯಲ್ಲಿ ಸುಧಾರಿಸುವುದು ಎಂದರೆ ಮತ್ತೆ ರಣರಂಗಕ್ಕೆ ಹೋಗಲು ಯೋಗ್ಯನಾಗುವುದು. ಆ ಆಸ್ಪತ್ರೆಯ ಕ್ರೌರ್ಯವೇ ಅದು; ರಿವರ್ಸ್‌ರಂಥ ಕರುಣಾಳುವಿಗೂ ಅದರಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಸಸೂನ್ ತನ್ನ ಸೈನಿಕರನ್ನು ಬಿಟ್ಟಿರಲಾರೆ ಎಂದು ತಾನಾಗಿಯೇ ಹಿಂದಿರುಗಿದ. 1918ರ ಜುಲೈನಲ್ಲಿ, ಗಸ್ತಿನಿಂದ ಮರಳುವಾಗ, ಶತ್ರು ಎಂದು ತಪ್ಪು ತಿಳಿದ ತನ್ನದೇ ಕಡೆಯವನ ಗುಂಡು ಅವನ ತಲೆಗೆ ತಾಗಿತು. ಉಳಿದುಕೊಂಡ. ಲಂಡನ್ನಿನ ಆಸ್ಪತ್ರೆಯಲ್ಲಿದ್ದಾಗ, ಆಗಸ್ಟ್ ಮಧ್ಯದಲ್ಲಿ, ಓವೆನ್ ಬಂದ. ಒಂದು ಬಿಸಿಲಿನ ಮಧ್ಯಾಹ್ನ ಚೆಲ್ಸಿಯಲ್ಲಿ ಮಿತ್ರರ ಜೊತೆ ಸಂಗೀತ ಕೇಳಿದರು, ಹಳೆಯ ಔಷಧಿ ಸಸ್ಯಗಳ ತೋಟದಲ್ಲಿ ಕೂತರು. ಮತ್ತೆ ಫ್ರಾನ್ಸಿಗೆ ಹೋಗುವ ಯೋಚನೆ ಮಾಡಿದರೆ ನಿನ್ನ ಕಾಲಿಗೆ ಚೂರಿ ಹಾಕುತ್ತೇನೆ ಎಂದು ಸಸೂನ್ ಅವನನ್ನು ಹೆದರಿಸಿದ್ದ. ಅದಕ್ಕೇ ಇರಬೇಕು, ಓವೆನ್ ಹೇಳದೆ ಹೋದ. ಕಾಗದ ಬಂದದ್ದು ಫ್ರಾನ್ಸಿನಿಂದಲೇ.

ಹೊರಡುವ ಮುನ್ನ ತಾಯಿಗೆ ಅವನು ರವೀಂದ್ರನಾಥ ಠಾಕೂರರ 'ಗೀತಾಂಜಲಿ'ಯ ಸಾಲು ಹೇಳಿದ್ದ. ಅವನ ಕಿರುಪುಸ್ತಕದಲ್ಲಿ ಆ ಸಾಲು ಠಾಕೂರರ ಹೆಸರಿನೊಂದಿಗೆ ಇತ್ತೆಂದು ತಾಯಿ 1920ರಲ್ಲಿ ಠಾಕೂರರಿಗೇ ಕಾಗದ ಬರೆದಳು. ಅವನು ಸತ್ತ ತಂತಿ ಶ್ರೂಸ್‌ಬರಿಯ ಮನೆಗೆ ಮುಟ್ಟಿದ್ದು 1918ರ ನವೆಂಬರ್ 11ರಂದು. ಯುದ್ಧ ಮುಗಿದ ಸಂಭ್ರಮಕ್ಕೆ ಊರಿನ ಚರ್ಚುಗಳಲ್ಲಿ ಗಂಟೆ ಹೊಡೆಯುತ್ತಿದ್ದವು.

ಸಸೂನ್‌ಗೆ ಸುದ್ದಿ ತಿಳಿದದ್ದು ಕೆಲವು ತಿಂಗಳ ಮೇಲೆ. 1920ರಲ್ಲಿ ಓವೆನ್‌ನ ಪದ್ಯಗಳು ಪುಸ್ತಕವಾಗಿ ಬಂದಾಗ ಮುನ್ನುಡಿ ಬರೆದವನು ಅವನೇ. ಬಹಳ ಚಿಕ್ಕ ಮುನ್ನುಡಿ. ಓವೆನ್‌ನ ಮಾತು, ನಡೆ, ರೂಪ ಇವನ್ನೆಲ್ಲ ಇಲ್ಲಿ ಹೇಳುವುದು ಅನುಚಿತ, ಪದ್ಯಗಳೇ ಸಾಕು ಎಂದುಬಿಟ್ಟ. ಇಪ್ಪತ್ತೈದು ವರ್ಷ ಕಳೆದು, 1945ರಲ್ಲಿ, ಆತ್ಮಕಥೆಯಲ್ಲಿ ಎಲ್ಲವನ್ನೂ ಬರೆದ: ತಟ್ಟಿದ ಬಾಗಿಲು, ಕಂಕುಳಲ್ಲಿದ್ದ ಪುಸ್ತಕ, ಕ್ಲಬ್ಬಿನ ನಗು. ಆ ಸಾವನ್ನು ಸಮಾಧಾನದಿಂದ ಒಪ್ಪಿಕೊಳ್ಳಲು ತನಗೆ ಎಂದೂ ಆಗಲಿಲ್ಲ ಎಂದ. ನಡುವೆ ಅವನಿಗೆ ಮದುವೆಯಾಗಿತ್ತು, ಮಗ ಹುಟ್ಟಿದ್ದ, ಆ ಸಂಸಾರ ಮುರಿದಿತ್ತು.

1967ರ ಜುಲೈನಲ್ಲಿ ಇಂಗ್ಲೆಂಡು ಆ ಹಳೆಯ ಕಾನೂನನ್ನು ಸಡಿಲಿಸಿತು. ಸಸೂನ್ ತೀರಿಕೊಂಡದ್ದು ಅದೇ ವರ್ಷ ಸೆಪ್ಟೆಂಬರ್ 1ರಂದು. ಎಂಬತ್ತೊಂದು ತುಂಬಲು ಇನ್ನೊಂದು ವಾರ ಇತ್ತು. ಓವೆನ್‌ಗೆ ಇಪ್ಪತ್ತೈದು.